ಪೆನೆಲೊಪಿ ಲೈವ್ಲಿ: ಒಂದು ಕಥನ, ಎರಡು ಕಪಾಟು

ಬ್ರಿಟನ್ನಿನಲ್ಲಿ ಮಕ್ಕಳ ಕೃತಿಗೆ ಸಲ್ಲುವ ಕಾರ್ನೆಗಿ ಪದಕ ಮತ್ತು ಕಾದಂಬರಿಗೆ ಸಲ್ಲುವ ಬುಕರ್ ಪ್ರಶಸ್ತಿ ಎರಡನ್ನೂ ಪಡೆದ ಲೇಖಕಿ ಪೆನೆಲೊಪಿ ಲೈವ್ಲಿ ಒಬ್ಬರೇ. ಮೊದಲನೆಯದು 1973ರ ‘ದಿ ಘೋಸ್ಟ್ ಆಫ್ ಥಾಮಸ್ ಕೆಂಪ್’ ಕೃತಿಗೆ ಬಂದರೆ, ಎರಡನೆಯದು 1987ರ ‘ಮೂನ್ ಟೈಗರ್’ ಕಾದಂಬರಿಗೆ ಬಂದಿತು. ಅವರ ಕುರಿತ ಪರಿಚಯ ಲೇಖನಗಳು ಈ ಸಂಗತಿಯನ್ನು ತಪ್ಪದೆ ಹೇಳುತ್ತವೆ. ಹೇಳಿದ ಮೇಲೆ ಮಕ್ಕಳ ಪುಸ್ತಕಗಳನ್ನು ಒಂದು ವಾಕ್ಯದಲ್ಲಿ ಮುಗಿಸಿ ಕಾದಂಬರಿಗಳ ಕಡೆಗೆ ಹೊರಳುತ್ತವೆ. ಮಕ್ಕಳಿಗಾಗಿ ಬರೆದದ್ದು ಪೂರ್ವಾಭ್ಯಾಸ, ದೊಡ್ಡವರಿಗಾಗಿ ಬರೆದದ್ದು ಸಾಧನೆ ಎಂಬ ಗ್ರಹಿಕೆ ಇದರ ಹಿಂದಿದೆ. ಈ ಗ್ರಹಿಕೆಯಿಂದ ಹೊರಟರೆ ಲೈವ್ಲಿಯವರ ಕಾದಂಬರಿಗಳನ್ನೂ ಸರಿಯಾಗಿ ಓದಲಾಗದು ಎಂಬುದು ನನ್ನ ಅಭಿಪ್ರಾಯ.

ಲೈವ್ಲಿ ಹುಟ್ಟಿದ್ದು 1933ರಲ್ಲಿ, ಕೈರೊದಲ್ಲಿ. ಬಾಲ್ಯದಲ್ಲಿ ಅವರು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಇಂಗ್ಲೆಂಡಿನಿಂದ ಅಂಚೆಯಲ್ಲಿ ಬರುತ್ತಿದ್ದ ಪಾಠಕ್ರಮವನ್ನು ಲೂಸಿ ಎಂಬ ಪಾಲಕಿ ಮನೆಯಲ್ಲಿಯೇ ಕಲಿಸಿದರು. 1945ರಲ್ಲಿ, ತಂದೆ ತಾಯಿ ಬೇರೆಯಾದ ಸಂದರ್ಭದಲ್ಲಿ, ಹನ್ನೆರಡು ವರ್ಷದ ಹುಡುಗಿಯನ್ನು ಇಂಗ್ಲೆಂಡಿಗೆ ಕಳಿಸಲಾಯಿತು. ಅನಂತರ ವಸತಿ ಶಾಲೆ, ಆಕ್ಸ್‌ಫರ್ಡಿನ ಸೇಂಟ್ ಆನ್ಸ್ ಕಾಲೇಜಿನಲ್ಲಿ ಇತಿಹಾಸದ ಅಧ್ಯಯನ, 1957ರಲ್ಲಿ ರಾಜ್ಯಶಾಸ್ತ್ರದ ವಿದ್ವಾಂಸ ಜ್ಯಾಕ್ ಲೈವ್ಲಿಯವರೊಡನೆ ಮದುವೆ. ಮೊದಲ ಪುಸ್ತಕ ‘ಆಸ್ಟರ್‌ಕೋಟ್’ ಪ್ರಕಟವಾದದ್ದು 1970ರಲ್ಲಿ, ಮಕ್ಕಳಿಗಾಗಿ. ದೊಡ್ಡವರಿಗಾಗಿ ಬರೆದ ಮೊದಲ ಕಾದಂಬರಿ ‘ದಿ ರೋಡ್ ಟು ಲಿಚ್‌ಫೀಲ್ಡ್’ 1977ರಲ್ಲಿ ಬಂದು ಬುಕರ್ ಅಂತಿಮ ಪಟ್ಟಿಯನ್ನು ಸೇರಿತು.

ಈ ವಿವರಗಳಿಗಿಂತ 1994ರಲ್ಲಿ ಪ್ರಕಟವಾದ ಅವರ ಬಾಲ್ಯಕಥನದ ಒಂದು ಪ್ರಸಂಗ ಹೆಚ್ಚು ಅರ್ಥಪೂರ್ಣವಾದುದು. ಕಾರಿನಲ್ಲಿ ಕುಳಿತ ಮಗು ಹಾದಿಯ ಬದಿಯ ಮರಗಿಡಗಳ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದೆ: ಒಂದು ಕಣಗಿಲೆ, ಇನ್ನೊಂದು ಜಕರಂಡ. ಮರಳಿ ಬರುವಾಗ ಇವೇ ಗಿಡಗಳು ತಿರುಗುಮುರುಗಾಗಿ ಎದುರಾಗುತ್ತವೆ ಎಂಬುದು ಥಟ್ಟನೆ ಹೊಳೆಯುತ್ತದೆ. ಈಗ ಕಾಣುತ್ತಿರುವುದು ಆಗ ಕಳೆದುಹೋದದ್ದಾಗಿರುತ್ತದೆ ಎಂಬ ಈ ಅರಿವು, ಮಗುವೊಂದು ಕಾಲತತ್ವವನ್ನು ತಾನೇ ಕಂಡುಕೊಂಡ ಕ್ಷಣ. ‘ಓಲಿಯಾಂಡರ್, ಜಕರಂಡ’ ಎಂಬ ಶೀರ್ಷಿಕೆಯೂ ಇದರಿಂದಲೇ ಬಂದುದು. ಕಾಲದ ಕುರಿತ ಗಹನವಾದ ಪ್ರಶ್ನೆ ಮೊದಲು ಹುಟ್ಟುವುದು ಬಾಲ್ಯದಲ್ಲಿ ಎಂದು ನಂಬಿದ ಲೇಖಕಿ ಅದನ್ನು ಮಕ್ಕಳ ಕೃತಿಗಳಲ್ಲಿಯೇ ಮೊದಲು ಎತ್ತಿಕೊಂಡದ್ದು ಸಹಜವಾಗಿದೆ.

‘ಥಾಮಸ್ ಕೆಂಪ್’ ಮೇಲ್ನೋಟಕ್ಕೆ ನಗೆಗಥೆ. ಆಕ್ಸ್‌ಫರ್ಡ್ ಸೀಮೆಯ ಲೆಡ್‌ಶಾಮ್ ಎಂಬ ಕಲ್ಪಿತ ಊರಿನ ಹಳೆಯ ಮನೆಗೆ ಜೇಮ್ಸ್ ಎಂಬ ಬಾಲಕನ ಕುಟುಂಬ ವಾಸಕ್ಕೆ ಬರುತ್ತದೆ. ಅಟ್ಟವನ್ನು ದುರಸ್ತಿ ಮಾಡುವಾಗ ಸೀಸೆಯೊಂದು ಒಡೆದು ಹದಿನೇಳನೆಯ ಶತಮಾನದ ಮಂತ್ರವಾದಿಯ ಪ್ರೇತ ಹೊರಬೀಳುತ್ತದೆ. ತನ್ನ ಕಾಲದಲ್ಲಿ ಮದ್ದು ಕೊಡುವವನು, ಕಳ್ಳನನ್ನು ಹಿಡಿಯುವವನು, ಮಳೆಗಾಳಿಯ ಮುನ್ಸೂಚನೆ ಹೇಳುವವನು ಎಲ್ಲವೂ ತಾನೊಬ್ಬನೇ ಆಗಿದ್ದ ಈ ಮನುಷ್ಯನಿಗೆ ವೈದ್ಯರು, ಪೊಲೀಸರು, ದೂರದರ್ಶನದ ಹವಾಮಾನ ವಾರ್ತೆ ಎಲ್ಲರೂ ಪ್ರತಿಸ್ಪರ್ಧಿಗಳು. ಆತ ಜೇಮ್ಸನನ್ನು ತನ್ನ ಶಿಷ್ಯನೆಂದು ಘೋಷಿಸಿ, ಹಳೆಯ ಬರವಣಿಗೆಯಲ್ಲಿ ಆಜ್ಞೆಗಳನ್ನು ಬರೆದಿಡುತ್ತಾನೆ. ಬೈಗುಳ ತಿನ್ನುವವನು ಜೇಮ್ಸ್. ನೆರೆಯ ವೃದ್ಧೆ ಮಿಸೆಸ್ ವೆರಿಟಿಯನ್ನು ಮಾಟಗಾತಿಯೆಂದು ಪ್ರೇತ ಆರೋಪಿಸುವಲ್ಲಿ ನಗೆ ಒಮ್ಮೆಲೇ ನಿಂತುಹೋಗುತ್ತದೆ; ಅವಳ ಮನೆಗೆ ಬೆಂಕಿಯೂ ಬೀಳುತ್ತದೆ. ಗತಕಾಲವೆಂದರೆ ಅಂದವಾದ ಹಳೆಯ ಮನೆ ಮಾತ್ರವಲ್ಲ, ಅದರೊಳಗೆ ಹೆಂಗಸರನ್ನು ಸುಡುವ ನಂಬಿಕೆಯೂ ಇತ್ತು ಎಂಬುದನ್ನು ಲೈವ್ಲಿ ಬೋಧನೆಯ ಸೋಂಕಿಲ್ಲದೆ ತಿಳಿಸುತ್ತಾರೆ. ಇದೇ ಪ್ರೇತವನ್ನು ಎದುರಿಸಿದ್ದ ಆರ್ನಲ್ಡ್ ಎಂಬ ಹುಡುಗನ ವೃತ್ತಾಂತ ಜೇಮ್ಸನಿಗೆ ಹತ್ತೊಂಬತ್ತನೆಯ ಶತಮಾನದ ದಿನಚರಿಯೊಂದರಲ್ಲಿ ಸಿಗುತ್ತದೆ. ಎಂದೋ ಬದುಕಿದ್ದ ಹುಡುಗ ಅವನ ಗೆಳೆಯನಾಗುತ್ತಾನೆ. ಎದುರಿಗಿರುವ ಮುದುಕಿಯೂ ಒಂದು ಕಾಲಕ್ಕೆ ಚಿಕ್ಕ ಹುಡುಗಿಯಾಗಿದ್ದಳು ಎಂಬ ಸರಳ ಸಂಗತಿ ಅವನನ್ನು ತಬ್ಬಿಬ್ಬುಗೊಳಿಸುತ್ತದೆ.

ಈ ಬೆರಗನ್ನೇ ತಿರುವಿಹಾಕಿದರೆ ‘ಮೂನ್ ಟೈಗರ್’ ಸಿಗುತ್ತದೆ. ಇಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಸಾವನ್ನು ಎದುರು ನೋಡುತ್ತಿರುವ ಎಪ್ಪತ್ತಾರರ ಮುದುಕಿ ಕ್ಲಾಡಿಯಾ ಹ್ಯಾಂಪ್ಟನ್ನಳೇ ಕಥನದ ಕೇಂದ್ರ. ದಾದಿಯರಿಗೆ ಆಕೆ ಒಂದು ಜೀರ್ಣ ದೇಹ. ಆಕೆಯೊಳಗಾದರೋ ಹತ್ತು ವರ್ಷದ ಹುಡುಗಿ, ಯುದ್ಧ ವರದಿಗಾರ್ತಿ, ಟಾಮ್ ಸದರ್ನ್ ಎಂಬ ಸೈನಿಕನ ಪ್ರೇಯಸಿ, ಒಪ್ಪದ ತಾಯಿ ಎಲ್ಲರೂ ಏಕಕಾಲಕ್ಕೆ ಜೀವಂತವಾಗಿದ್ದಾರೆ. ತಾನು ಜಗತ್ತಿನ ಇತಿಹಾಸವನ್ನೇ ಬರೆಯುವೆನೆಂದು ಹೊರಡುವ ಈ ಇತಿಹಾಸಕಾರ್ತಿ ಕಾಲಾನುಕ್ರಮವನ್ನು ಒಪ್ಪುವುದಿಲ್ಲ. ಒಂದೇ ಘಟನೆಯನ್ನು ಕ್ಲಾಡಿಯಾ ಹೇಳಿದ ಬೆನ್ನಿಗೆ ಇನ್ನೊಂದು ಪಾತ್ರದ ಕಣ್ಣಿನಿಂದ ಮತ್ತೆ ಹೇಳುವ ತಂತ್ರ ಇಲ್ಲಿದೆ. ‘ಮೂನ್ ಟೈಗರ್’ ಎಂಬುದು ರಾತ್ರಿಯಿಡೀ ಉರಿದು ಬೂದಿಯಾಗುವ ಹಸಿರು ಬಣ್ಣದ ಸೊಳ್ಳೆಬತ್ತಿಯ ಸುರುಳಿ. ನಮ್ಮ ಓದುಗರಿಗೆ ಈ ವಸ್ತುವಿನ ಟಿಪ್ಪಣಿ ಬೇಕಾಗಿಲ್ಲ. ಇಂಗ್ಲಿಷ್ ಓದುಗರಿಗೆ ಬೇಕಾದೀತು! ಆ ಸುರುಳಿಯ ಪಕ್ಕದಲ್ಲಿಯೇ ಕ್ಲಾಡಿಯಾಳ ಬಾಳಿನ ಒಂದೇ ಒಂದು ನಿಜವಾದ ಪ್ರೇಮವೂ ಉರಿದು ಮುಗಿಯುತ್ತದೆ.

ಕ್ಲಾಡಿಯಾಳ ಅತ್ಯಂತ ಹಳೆಯ ನೆನಪುಗಳಲ್ಲಿ ಒಂದು, ಡಾರ್ಸೆಟ್ ತೀರದ ಚಾರ್‌ಮತ್‌ನಲ್ಲಿ ಅಣ್ಣನೊಡನೆ ಪೈಪೋಟಿಗಿಳಿದು ಅಮೊನೈಟ್ ಪಳೆಯುಳಿಕೆಗಳನ್ನು ಆಯ್ದದ್ದು. ಅದೇ ತೀರದ, ಅಲ್ಲಿಗೆ ಹತ್ತಿರದ ಲೈಮ್ ರೀಜಿಸ್ ಊರಿನಲ್ಲಿ 1976ರ ಮಕ್ಕಳ ಕೃತಿ ‘ಎ ಸ್ಟಿಚ್ ಇನ್ ಟೈಮ್’ ನಡೆಯುತ್ತದೆ. ಅದರ ಬಾಲೆ ಮರಿಯಾ ಪಳೆಯುಳಿಕೆಗಳನ್ನು ಕೂಡಿಡುತ್ತಾಳೆ. ಹ್ಯಾರಿಯೆಟ್ ಎಂಬ ಹುಡುಗಿ 1865ರಲ್ಲಿ ಹಾಕಿದ ಕಸೂತಿಯನ್ನು ಕಂಡು, ಅವಳು ಬಾಲ್ಯದಲ್ಲಿಯೇ ಸತ್ತಿರಬೇಕೆಂದು ಊಹಿಸುತ್ತಾಳೆ. ಆ ಊಹೆ ತಪ್ಪಾಗಿರುತ್ತದೆ. ಹ್ಯಾರಿಯೆಟ್ ಬೆಳೆದು ದೊಡ್ಡವಳಾಗಿದ್ದಳು. ಅರೆಬರೆ ಆಧಾರಗಳಿಂದ ಗತವನ್ನು ಕಟ್ಟುವುದರ ಅಪಾಯವನ್ನು ಕುರಿತು ನಮ್ಮ ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಓದಿಲ್ಲ. ಎಂಬತ್ತರ ವಯಸ್ಸಿನಲ್ಲಿ, 2013ರಲ್ಲಿ, ಪ್ರಕಟಿಸಿದ ಸ್ಮೃತಿಕಥನಕ್ಕೂ ಲೈವ್ಲಿ ‘ಅಮೊನೈಟ್ಸ್ ಅಂಡ್ ಲೀಪಿಂಗ್ ಫಿಶ್’ ಎಂದೇ ಹೆಸರಿಟ್ಟರು. ಮಕ್ಕಳ ಕೃತಿಯನ್ನು ಬಿಟ್ಟರೆ ಈ ಪ್ರತಿಮೆಯ ಜಾಡಿನ ಮೊದಲ ಹೆಜ್ಜೆಯೇ ಕಾಣೆಯಾಗುತ್ತದೆ.

ಇನ್ನು ‘ಮೂನ್ ಟೈಗರ್’ ಎದುರಿಸಲೇಬೇಕಾದ ಗಂಭೀರ ಆಕ್ಷೇಪ. ಬುಕರ್ ಬಂದಾಗ ಕೆಲವರು ಅದನ್ನು ಗೃಹಿಣಿಯರ ಓದೆಂದು ಹಗುರವಾಗಿ ಕಂಡರು. ಆ ಮಾತಿಗೆ ಉತ್ತರ ಅನಗತ್ಯ. ಆದರೆ ವಸಾಹತೋತ್ತರ ಓದು ಕೇಳುವ ಪ್ರಶ್ನೆ ಬೇರೆ. 1942ರ ಕೈರೊ ಇಲ್ಲಿ ಇಂಗ್ಲಿಷರ ಪ್ರೇಮಕ್ಕೂ ಶೋಕಕ್ಕೂ ರಂಗಸ್ಥಳವಾಗಿದೆ; ಈಜಿಪ್ಟಿನ ಜನ ಬಹುಮಟ್ಟಿಗೆ ಹಿನ್ನೆಲೆಯಲ್ಲಿ ಉಳಿಯುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಇದರಿಂದ ಲೈವ್ಲಿಗೆ ಸಾಮ್ರಾಜ್ಯದ ಪಾಪಪ್ರಜ್ಞೆಯೇ ಇಲ್ಲವೆಂಬ ತೀರ್ಮಾನಕ್ಕೆ ಬರುವವರು 1974ರ ‘ದಿ ಹೌಸ್ ಇನ್ ನಾರಮ್ ಗಾರ್ಡನ್ಸ್’ ಓದಿರಲಾರರು. ಉತ್ತರ ಆಕ್ಸ್‌ಫರ್ಡಿನ ದೊಡ್ಡ ವಿಕ್ಟೋರಿಯನ್ ಮನೆಯಲ್ಲಿ ಇಬ್ಬರು ವೃದ್ಧ ಅಜ್ಜಿಯರೊಡನೆ ಬಾಳುವ ಹದಿನಾಲ್ಕರ ಕ್ಲೇರ್‌ಗೆ ಅಟ್ಟದಲ್ಲಿ ಬಣ್ಣದ ಗುರಾಣಿಯಂಥ ವಸ್ತುವೊಂದು ದೊರೆಯುತ್ತದೆ. ಮಾನವಶಾಸ್ತ್ರಜ್ಞನಾಗಿದ್ದ ಮುತ್ತಜ್ಜ ಅದನ್ನು ನ್ಯೂಗಿನಿಯಿಂದ ತಂದಿದ್ದ. ಅದನ್ನು ಮಾಡಿದ ಬುಡಕಟ್ಟಿನವರು ಹುಡುಗಿಯ ಕನಸುಗಳಲ್ಲಿ ಬಂದು ಅದನ್ನು ಮರಳಿ ಕೇಳುವಂತೆ ನಿಲ್ಲುತ್ತಾರೆ. ಅಧ್ಯಾಯಗಳ ಆರಂಭದಲ್ಲಿ ಆ ದೂರದ ಕಣಿವೆಯ ಜನರ ಬದುಕು ಹೊರಗಿನವರ ಪ್ರವೇಶದಿಂದ ಬದಲಾಗುತ್ತ ಹೋಗುವ ಕಿರು ಕಥನಗಳಿವೆ. ಆ ಮನೆಗೆ ಬಾಡಿಗೆಗೆ ಬರುವವನು ಆಫ್ರಿಕಾದಿಂದ ಓದಲು ಬಂದ ತರುಣ. ಜ್ಞಾನದ ಹೆಸರಿನಲ್ಲಿ ತಂದದ್ದು ಯಾರ ಸೊತ್ತು ಎಂಬ ಪ್ರಶ್ನೆಯನ್ನು ಎಡ್ವರ್ಡ್ ಸೈದ್ ಅವರ ‘ಓರಿಯಂಟಲಿಸಂ’ ಪ್ರಕಟವಾಗುವುದಕ್ಕೆ ನಾಲ್ಕು ವರ್ಷ ಮೊದಲೇ, ಆಕ್ಸ್‌ಫರ್ಡಿನ ಅಂಗಳದಲ್ಲಿಯೇ, ಒಂದು ಮಕ್ಕಳ ಕಾದಂಬರಿ ಕೇಳಿತ್ತು. ಈ ವಿಷಯದಲ್ಲಿ ಅದು ಹದಿಮೂರು ವರ್ಷಗಳ ಅನಂತರದ ಬುಕರ್ ಕಾದಂಬರಿಗಿಂತ ದಿಟ್ಟವಾದ ಕೃತಿ ಎಂದೇ ನಾನು ಹೇಳುವೆ.

ಕನ್ನಡದ ಲೇಖಕರನ್ನು ಕುರಿತ ನಮ್ಮ ಪ್ರಬಂಧಗಳ ಅಧ್ಯಾಯ ವಿಂಗಡಣೆಯೂ ಇದೇ ದಾರಿ ಹಿಡಿದಿದೆ. ಕಾವ್ಯ, ಕಾದಂಬರಿ, ನಾಟಕಗಳಿಗೆ ಒಂದೊಂದು ಅಧ್ಯಾಯ. ಮಕ್ಕಳ ಬರಹಕ್ಕೆ ‘ಇತರ ಸಾಹಿತ್ಯ’ದಲ್ಲಿ ಎರಡು ಪುಟ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬ್ರೌನಿಂಗ್‌ನ ಕವಿತೆಯಿಂದ ಬಂದುದೆಂದು ಗುರುತಿಸಿದಲ್ಲಿಗೆ ನಮ್ಮ ಕೆಲಸ ಮುಗಿಯುತ್ತದೆ. ಕಾರಂತರ ಲೋಕದೃಷ್ಟಿಯನ್ನು ಚರ್ಚಿಸುವಾಗ ‘ಬಾಲಪ್ರಪಂಚ’ವನ್ನು ಆಧಾರವಾಗಿ ಬಳಸಿಕೊಳ್ಳುವುದು ಅಪರೂಪ. ವಿಂಗಡಣೆ ಪ್ರಕಾಶಕರಿಗೂ ಗ್ರಂಥಾಲಯಕ್ಕೂ ಅವಶ್ಯ. ವಿಮರ್ಶೆ ಅದನ್ನು ತನ್ನ ಮಾನದಂಡವಾಗಿ ಒಪ್ಪಿಕೊಳ್ಳಬೇಕಾದ ಕಾರಣ ನನಗಂತೂ ತಿಳಿಯದು.

ಲೈವ್ಲಿಯವರ ‘ಗೋಯಿಂಗ್ ಬ್ಯಾಕ್’ 1975ರಲ್ಲಿ ಮಕ್ಕಳ ಪುಸ್ತಕವಾಗಿ ಹೊರಬಂದಿತು. ಬೆಳೆದ ಹೆಂಗಸೊಬ್ಬಳು ಬಾಲ್ಯದ ಮನೆಗೆ ಮರಳಿ, ಯುದ್ಧಕಾಲದಲ್ಲಿ ತಾನೂ ತಮ್ಮನೂ ಅಲ್ಲಿ ಕಳೆದ ದಿನಗಳನ್ನು ನೆನೆಯುವ ಕಥೆ ಅದು. ನೆನಪು ಎಷ್ಟನ್ನು ಉಳಿಸುತ್ತದೆ, ಎಷ್ಟನ್ನು ತಿದ್ದುತ್ತದೆ ಎಂಬ ಸಂದೇಹ ಅದರುದ್ದಕ್ಕೂ ಇದೆ. ಮುಂದೆ ಅದೇ ಕೃತಿಯನ್ನು ದೊಡ್ಡವರ ಕಾದಂಬರಿಯಾಗಿ ಮರುಮುದ್ರಿಸಲಾಯಿತು. ನಮ್ಮ ಅಧ್ಯಾಯ ವಿಂಗಡಣೆಯಲ್ಲಿ ಅದನ್ನು ಎಲ್ಲಿಡುವುದು?