‘ವಯಸ್ಸಾಯಿತು’ ಎಂಬುದು ರೋಗದ ಹೆಸರಲ್ಲ

ನಮ್ಮ ಬಂಧುವರ್ಗದಲ್ಲಿಯೂ ಶಿಷ್ಯವರ್ಗದಲ್ಲಿಯೂ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ: “ನಾಯಿಗೆ ವಯಸ್ಸಾಯಿತು ಮೇಷ್ಟ್ರೇ, ಇನ್ನೇನು ಮಾಡುವುದು?” ನಾಯಿ ಮೆಟ್ಟಿಲು ಹತ್ತಲು ಹಿಂಜರಿದರೂ ಇದೇ ಉತ್ತರ, ಅನ್ನ ಬಿಟ್ಟರೂ ಇದೇ ಉತ್ತರ, ಮನೆಯೊಳಗೆ ಮೂತ್ರ ಮಾಡಿದರೂ ಇದೇ ಉತ್ತರ. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಬೋಧಿಸಿ ನಿವೃತ್ತನಾದ ನಾನು ಈ ಉತ್ತರಕ್ಕೆ ಸೊನ್ನೆ ಅಂಕ ಕೊಡುತ್ತೇನೆ. ವಯಸ್ಸು ಎಂಬುದು ವರ್ಷಗಳ ಲೆಕ್ಕ. ರೋಗ ಯಾವುದೆಂದು ತಿಳಿಯುವ ಶ್ರಮವನ್ನು ತಪ್ಪಿಸಿಕೊಳ್ಳಲು ನಾವು ಅದನ್ನು ನೆಪ ಮಾಡಿಕೊಂಡಿದ್ದೇವೆ.

ಮೂತ್ರದ ವಿಚಾರವನ್ನೇ ತೆಗೆದುಕೊಳ್ಳೋಣ. ಹತ್ತು ವರ್ಷ ಶಿಸ್ತಾಗಿದ್ದ ನಾಯಿ ಹಠಾತ್ತನೆ ಹಜಾರವನ್ನು ಒದ್ದೆ ಮಾಡಿದರೆ ನಮ್ಮವರು ಮಾಡುವುದೇನು? ಗದರುತ್ತಾರೆ, ಹೊರಗೆ ಕಟ್ಟುತ್ತಾರೆ, ಕೊನೆಗೆ ನೀರಿನ ಬಟ್ಟಲನ್ನು ಎತ್ತಿಡುತ್ತಾರೆ. ಈ ಮೂರನೆಯದು ಕ್ರೌರ್ಯವೇ ಸರಿ. ಮೂತ್ರಪಿಂಡ ಕ್ಷೀಣಿಸಿದಾಗ ಅದು ಮೂತ್ರವನ್ನು ಗಟ್ಟಿಗೊಳಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ನೀರು ದೇಹದಿಂದ ಹರಿದುಹೋಗುತ್ತದೆ. ಆದುದರಿಂದಲೇ ನಾಯಿ ಹೆಚ್ಚು ಕುಡಿಯುತ್ತದೆ. ಹೆಚ್ಚು ಕುಡಿದುದರಿಂದ ಹೆಚ್ಚು ಮೂತ್ರವೆಂದು ನಾವು ಕಾರ್ಯಕಾರಣಗಳನ್ನು ತಲೆಕೆಳಗು ಮಾಡಿ, ನೀರು ತಪ್ಪಿಸಿ, ಅದನ್ನು ಒಣಗಿಸುತ್ತೇವೆ. ಮೂತ್ರಪಿಂಡದ ಸುಮಾರು ಮುಕ್ಕಾಲು ಭಾಗ ಕೆಲಸ ನಿಂತ ಮೇಲಷ್ಟೇ ರಕ್ತದಲ್ಲಿ ಕ್ರಿಯಾಟಿನಿನ್ ಏರುವುದು. ಮೂತ್ರದ ಸಾಂದ್ರತೆಯ ಪರೀಕ್ಷೆ ಸಾಮಾನ್ಯವಾಗಿ ಅದಕ್ಕೂ ಮೊದಲೇ ಸುಳಿವು ಕೊಡುತ್ತದೆ. ಸಕ್ಕರೆ ಕಾಯಿಲೆಯಲ್ಲಿಯೂ ಇದೇ ದಾಹ.

ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿಗಳಲ್ಲಿ ಇನ್ನೊಂದು ಅಪಾಯವಿದೆ. ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶದೊಳಗೆ ಕೀವು ತುಂಬಿಕೊಳ್ಳುವ ರೋಗ ಅದು. ಕೀವು ಹೊರಗೆ ಸೋರಿದರೆ ಕಣ್ಣಿಗೆ ಬೀಳುತ್ತದೆ; ಗರ್ಭಕೋಶದ ಬಾಯಿ ಮುಚ್ಚಿದ್ದರೆ ಏನೂ ಕಾಣದು, ಅಪಾಯ ಮಾತ್ರ ಇನ್ನೂ ಹೆಚ್ಚು. ನನ್ನ ತಂಗಿಯ ಮನೆಯ ಚಂಪಿಗೆ ಹನ್ನೊಂದು ವರ್ಷವಾಗಿದ್ದಾಗ ಹೀಗಾಯಿತು. ಮೊದಲು ನೋಡಿದ ವೈದ್ಯರು ಮೇಜಿನ ಆಚೆಯಿಂದಲೇ “ವಯಸ್ಸಾಗಿದೆ, ಮನೆಗೆ ಕರೆದುಕೊಂಡು ಹೋಗಿ” ಎಂದರು. ತಂಗಿ ಹಟಮಾರಿ, ಆಟೋ ಹಿಡಿದು ಇನ್ನೊಬ್ಬರಲ್ಲಿಗೆ ಹೋದಳು. ಅವರು ಹೊಟ್ಟೆ ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸಿ, ಅದೇ ಸಂಜೆ ಗರ್ಭಕೋಶವನ್ನು ತೆಗೆದರು. ಚಂಪಿ ಆಮೇಲೆ ಮೂರು ವರ್ಷ ಬದುಕಿ, ಪಕ್ಕದ ಮನೆಯ ಬೆಕ್ಕನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಆ ಮೂರು ವರ್ಷಗಳನ್ನು ‘ವಯಸ್ಸಾಯಿತು’ ಎಂಬ ಒಂದು ಪದ ಕಸಿದುಕೊಳ್ಳಲಿತ್ತು.

ಕೀಲು ನೋವಿನದು ಬೇರೆ ಕಥೆ. ನಾಯಿ ನಮ್ಮಂತೆ ನರಳುವುದಿಲ್ಲ. ಮಲಗಿದಲ್ಲಿಂದ ಏಳಲು ತಡ, ನುಣುಪಾದ ಟೈಲ್ಸ್ ನೆಲದ ಮೇಲೆ ಹಿಂಗಾಲು ಜಾರುವುದು, ಒಂದೇ ಕೀಲನ್ನು ನೆಕ್ಕುತ್ತಿರುವುದು, ಮುಟ್ಟಿದರೆ ಸಿಡುಕುವುದು, ಇಷ್ಟೇ ಅದರ ಭಾಷೆ. ಇದನ್ನು ಅರಿತ ಕೆಲವರು ದಯೆಯಿಂದಲೇ ತಮ್ಮ ಮಾತ್ರೆಯನ್ನು ಅರ್ಧ ಮುರಿದು ಕೊಡುತ್ತಾರೆ. ದಯವಿಟ್ಟು ಕೂಡದು! ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್‌ಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ನಾಯಿಗೆಂದೇ ಪ್ರಮಾಣ ಗೊತ್ತುಮಾಡಿದ ನೋವುನಿವಾರಕಗಳು ಪಶುವೈದ್ಯರಲ್ಲಿವೆ. ತೂಕ ಇಳಿಸುವುದು, ನೆಲಕ್ಕೊಂದು ಗೋಣಿಯನ್ನೋ ಜಮಖಾನೆಯನ್ನೋ ಹಾಸುವುದು ನಮ್ಮ ಕೈಯಲ್ಲಿಯೇ ಇದೆ.

ಅನ್ನ ಬಿಟ್ಟ ನಾಯಿಯ ತುಟಿ ಎತ್ತಿ ನೋಡಿದವರೆಷ್ಟು ಮಂದಿ? ಒಸಡು ಕೀವುಗಟ್ಟಿ ಹಲ್ಲು ಅಲುಗುತ್ತಿದ್ದರೆ ಹಸಿವಿದ್ದರೂ ತಿನ್ನಲಾಗದು. ಕಣ್ಣಿನಲ್ಲಿ ಕಾಣುವ ನಸುನೀಲಿ ಮಸುಕೆಲ್ಲ ಪೊರೆಯಲ್ಲ. ದೃಷ್ಟಿಗೆ ಅಷ್ಟಾಗಿ ತೊಂದರೆ ಮಾಡದ ಮಸುಕೂ ಉಂಟು, ವೈದ್ಯರು ನೋಡಿ ಹೇಳಬೇಕು. ರಾತ್ರಿಯೆಲ್ಲ ಅಲೆಯುತ್ತ ಗೋಡೆಯ ಮೂಲೆಗೆ ಮುಖಮಾಡಿ ನಿಲ್ಲುವ ಮುದಿ ನಾಯಿಗೆ ಮನುಷ್ಯರಿಗೆ ಬರುವಂಥ ಮರೆವಿನ ರೋಗವಿರಬಹುದು. ಆದರೆ ನೋವು, ಕುರುಡು, ಕಿವುಡುಗಳನ್ನು ಪರೀಕ್ಷಿಸಿದ ಮೇಲಲ್ಲವೇ ಆ ತೀರ್ಮಾನ?

“ಮನುಷ್ಯರಿಗೇ ಔಷಧಿಗೆ ಗತಿಯಿಲ್ಲ, ನಾಯಿಗೇಕೆ?” ಎಂಬ ವಾದವನ್ನು ಬಲ್ಲೆ. ನಿಜವಾಗಿ ಗತಿಯಿಲ್ಲದವರ ಬಾಯಿಂದ ಅದನ್ನು ನಾನು ಕೇಳಿದ್ದು ಕಡಿಮೆ. ಮರಿಗೆ ಸಾವಿರಾರು ರೂಪಾಯಿ ಕೊಟ್ಟು ತಂದವರಿಂದಲೇ ಹೆಚ್ಚು. ಎಲ್ಲ ತಾಲ್ಲೂಕುಗಳಲ್ಲಿಯೂ ಸ್ಕ್ಯಾನ್ ಸೌಲಭ್ಯವಿಲ್ಲ, ಹಸು ಎಮ್ಮೆಗಳ ನಡುವೆ ಪಶುವೈದ್ಯರಿಗೆ ಬಿಡುವಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಬೆಂಗಳೂರಿನ ಹೆಬ್ಬಾಳ, ಬೀದರ, ಹಾಸನ, ಶಿವಮೊಗ್ಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಕಾಯಿಲೆ ಕೈಮೀರಿದ್ದು ಖಚಿತವಾದರೆ, ನೋವಿಲ್ಲದ ಮರಣವನ್ನು ಕೊಡುವುದೂ ವೈದ್ಯರ ಕರ್ತವ್ಯವೇ. ಪರೀಕ್ಷೆಯೇ ಇಲ್ಲದೆ ದೂರದ ಸಂತೆಯಲ್ಲಿ ಬಿಟ್ಟುಬರುವುದು ಯಾರ ಕರ್ತವ್ಯ? ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಅದು ಗೊತ್ತುಮಾಡಿದ ದಂಡ ಹೆಚ್ಚೆಂದರೆ 50 ರೂಪಾಯಿ! ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಪ್ಪದ ಧರ್ಮರಾಯನ ಕಥೆಯನ್ನು ಮಕ್ಕಳಿಗೆ ಹೇಳುವ ಮನೆಗಳಲ್ಲಿಯೇ ಇದೂ ನಡೆಯುತ್ತಿದೆ.

ದೂರದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಏಳನೆಯ ತರಗತಿಯಲ್ಲಿ ನೀವು ಅತ್ತು ಕರೆದು ತರಿಸಿಕೊಂಡ ಮರಿಗೆ ಈಗ ಹನ್ನೆರಡೋ ಹದಿಮೂರೋ. ಅದನ್ನು ಎತ್ತಿ ಆಟೋದಲ್ಲಿ ಕೂರಿಸಬೇಕಾದವರು ಮಂಡಿನೋವಿನ ನಿಮ್ಮ ತಂದೆತಾಯಿ. ಮನೆಗೆ ಬಂದು ನೋಡುವ ಪಶುವೈದ್ಯರೊಬ್ಬರನ್ನು ಗೊತ್ತುಮಾಡಿಕೊಡುವುದು ನಿಮ್ಮಿಂದಾಗದ ಕೆಲಸವೇ?

ಊರಿನಲ್ಲಿರುವವರು ನಾಳೆಯೇ ಆರಂಭಿಸಬಹುದು. ಬೆಳಿಗ್ಗೆ ಬಟ್ಟಲಿಗೆ ಅಳೆದು ನೀರು ಹಾಕಿ, ಮರುದಿನ ಉಳಿದುದನ್ನು ಅಳೆಯಿರಿ. ದಿನಕ್ಕೆ ಕಿಲೋ ತೂಕಕ್ಕೆ 100 ಮಿಲಿಲೀಟರಿಗಿಂತ ಹೆಚ್ಚು, ಅಂದರೆ 15 ಕಿಲೋ ತೂಕದ ನಾಯಿ ಒಂದೂವರೆ ಲೀಟರಿಗಿಂತ ಹೆಚ್ಚು ಕುಡಿಯುತ್ತಿದ್ದರೆ, ಆ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡು ಪಶುವೈದ್ಯರಲ್ಲಿಗೆ ಹೋಗಿ. ಜೊತೆಗೆ ಶುದ್ಧವಾದ ಡಬ್ಬಿಯಲ್ಲಿ ಬೆಳಗಿನ ಮೊದಲ ಮೂತ್ರದ ಮಾದರಿಯಿರಲಿ.