ಗಣಕಯಂತ್ರದ ಪಾಲುಪಟ್ಟಿ

ಮನೆಯ ಗಣಕಯಂತ್ರಕ್ಕೆ ನಾಲ್ಕೈದು ವರ್ಷ ತುಂಬಿತೆಂದರೆ ಅದಕ್ಕೆ ಆಲಸ್ಯ ಹಿಡಿಯುವುದುಂಟು. ಗುಂಡಿ ಒತ್ತಿದವರು ಅಡುಗೆಮನೆಗೆ ಹೋಗಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರವು ತಿರುಗುತ್ತಲೇ ಇರುತ್ತದೆ. ಆಗ ನೆರೆಮನೆಯವರೋ ನೆಂಟರ ಹುಡುಗನೋ ಒಂದು ಚಿಕಿತ್ಸೆಯನ್ನು ಸೂಚಿಸುತ್ತಾರೆ: "ಫಾರ್ಮ್ಯಾಟ್ ಮಾಡಿಸಿಬಿಡಿ, ಹೊಸದರಂತಾಗುತ್ತದೆ." ಯಂತ್ರವನ್ನು ಅಂಗಡಿಗೆ ಹೊತ್ತೊಯ್ದಾಗ ಅಲ್ಲಿಯವನು ಕೇಳುವುದು ಒಂದೇ ಪ್ರಶ್ನೆ: "ಸಿ ಡ್ರೈವ್‌ನಲ್ಲಿ ಬೇಕಾದದ್ದು ಏನಾದರೂ ಇದೆಯೆ, ಸ್ವಾಮಿ? ಡಿ ಡ್ರೈವ್‌ಗೆ ನಾವು ಕೈಹಚ್ಚುವುದಿಲ್ಲ." ಸಿ ಎಂದರೇನು, ಡಿ ಎಂದರೇನು ಎಂಬುದು ಮನೆಯ ಯಜಮಾನನಿಗೆ ಸ್ಪಷ್ಟವಾಗಿ ತಿಳಿದಿರುವುದಿಲ್ಲ, ತಿಳಿಯದೆಂದು ಹೇಳಿಕೊಳ್ಳಲು ಸಂಕೋಚ. "ಏನೂ ಇಲ್ಲ" ಎಂದು ತಲೆಯಾಡಿಸುತ್ತಾನೆ. ಸಂಜೆಗೆ ಯಂತ್ರವು ಚುರುಕಾಗಿ ಮನೆಗೆ ಮರಳುತ್ತದೆ. ಮಗಳ ನಾಮಕರಣದ ಚಿತ್ರಗಳು ಮಾತ್ರ ಮರಳುವುದಿಲ್ಲ.

ಇದರಲ್ಲಿ ಅಂಗಡಿಯವನ ಮೋಸವೇನೂ ಇಲ್ಲ. ಅವನಾಡಿದ ಮಾತು ಅಕ್ಷರಶಃ ನಿಜ. ಡಿ ವಿಭಾಗವನ್ನು ಅವನು ಮುಟ್ಟಲಿಲ್ಲ. ಕೊರತೆಯಿರುವುದು ಕೇಳಿಸಿಕೊಂಡವರ ತಿಳಿವಳಿಕೆಯಲ್ಲಿ. ಹೊಲದ ಪಹಣಿಯನ್ನು ಓದಲಾರದ ರೈತನು ತನ್ನ ಎಲ್ಲೆಯ ಕಲ್ಲು ಎಲ್ಲಿದೆಯೆಂಬುದನ್ನು ಇತರರ ಬಾಯಿಂದ ಕೇಳಿ ತಿಳಿಯಬೇಕಾಗುವುದು ಹೇಗೋ, ಹಾಗೆಯೇ ತನ್ನ ಯಂತ್ರದ ಹಾರ್ಡ್ ಡಿಸ್ಕು ಹೇಗೆ ಪಾಲಾಗಿದೆಯೆಂಬುದನ್ನು ಅರಿಯದ ಗೃಹಸ್ಥನೂ ಪರರ ಮಾತನ್ನು ನಂಬಿಯೇ ನಡೆಯಬೇಕಾಗುತ್ತದೆ. ಕಾರ್ಯಾಚರಣ ವ್ಯವಸ್ಥೆಯನ್ನು ಮರಳಿ ಸ್ಥಾಪಿಸುವ ಕೆಲಸವನ್ನು ಮನೆಯವರು ಕೈಯಾರೆ ಮಾಡದಿದ್ದರೂ ಚಿಂತೆಯಿಲ್ಲ. ಅದರಲ್ಲಿ ಯಾವುದು ಅಳಿಯುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನಾದರೂ ಅವರು ಅರಿತಿರಲೇಬೇಕು.

ಕಾರ್ಯಾಚರಣ ವ್ಯವಸ್ಥೆಯೆಂದರೆ ಯಂತ್ರದೊಳಗಿನ ಪಾರುಪತ್ಯಗಾರ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ಪರದೆಗೆ ಮುಟ್ಟಿಸುವುದು, ಬರೆದುದನ್ನು ಡಿಸ್ಕಿನಲ್ಲಿ ಇಡುವುದು, ಇಟ್ಟುದನ್ನು ಬೇಕೆಂದಾಗ ಹುಡುಕಿಕೊಡುವುದು, ಏಕಕಾಲಕ್ಕೆ ನಡೆಯುವ ಹತ್ತಾರು ಕೆಲಸಗಳಿಗೆ ಸರದಿಯನ್ನು ಗೊತ್ತುಪಡಿಸುವುದು ಇವೆಲ್ಲ ಅವನ ಹೊಣೆ. ಈ ಪಾರುಪತ್ಯಗಾರನನ್ನು ಬದಲಾಯಿಸಲೇಬೇಕಾದ ಸಂದರ್ಭಗಳು ಇಲ್ಲದಿಲ್ಲ. ವೈರಸ್ಸು ಹೊಕ್ಕು ವ್ಯವಸ್ಥೆಯೇ ಕೆಟ್ಟಿರಬಹುದು. ಹಳೆಯ ಡಿಸ್ಕು ಹೋಗಿ ಹೊಸದನ್ನು ಹಾಕಿಸಿರಬಹುದು. ಅಥವಾ ತಯಾರಕರೇ ಕೈಬಿಟ್ಟಿರಬಹುದು. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಡುವ ಟಿಪಿಎಂ 2.0 ಎಂಬ ಭದ್ರತಾ ಸೌಕರ್ಯವು ಇಲ್ಲದ ಕಾರಣ ಗಟ್ಟಿಮುಟ್ಟಾಗಿರುವ ಎಷ್ಟೋ ಹಳೆಯ ಯಂತ್ರಗಳು ಅದಕ್ಕೆ ಅನರ್ಹವಾಗಿವೆ. ಅಂತಹ ಯಂತ್ರಗಳ ಒಡೆಯರಲ್ಲಿ ಕೆಲವರು, 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನ ಕಡೆಗೆ ತಿರುಗಿದ್ದಾರೆ. ಇವೆಲ್ಲ ಒಪ್ಪತಕ್ಕ ಕಾರಣಗಳೇ. ಆದರೆ ಯಂತ್ರವು ನಿಧಾನವಾಯಿತೆಂಬ ಒಂದೇ ನೆವದಿಂದ ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸುವುದು ಹಲವು ವೇಳೆ ವ್ಯರ್ಥ ಶ್ರಮ. ಒಳಗಿರುವುದು ತಿರುಗುವ ತಟ್ಟೆಯ ಹಳೆಯ ಡಿಸ್ಕಾಗಿದ್ದರೆ, ಅದರ ಬದಲು ಎಸ್‌ಎಸ್‌ಡಿ ಎಂಬ ಚಲನೆಯಿಲ್ಲದ ಸಂಗ್ರಾಹಕವನ್ನು ಹಾಕಿಸಿದಾಗ ಸಿಕ್ಕುವ ವೇಗವು ಎಷ್ಟು ಸಲ ಅಳಿಸಿ ಬರೆದರೂ ಸಿಕ್ಕದು. ಹಗ್ಗ ಸವೆದಿರುವಾಗ ಬಾವಿಯ ನೀರನ್ನು ಬದಲಾಯಿಸಿ ಫಲವೇನು?

ಡಿಸ್ಕನ್ನು ಪಾಲು ಮಾಡುವ ಪದ್ಧತಿ ಬಂದ ಬಗೆಯು ಕುತೂಹಲಕರವಾದುದು. 1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊತ್ತಮೊದಲ ಡಿಸ್ಕ್ ಸಂಗ್ರಾಹಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅಷ್ಟರಲ್ಲೂ ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೇ ಅಷ್ಟು ಜಾಗವು ಬೇಕಾಗುತ್ತದೆ. 1981ರಲ್ಲಿ ಅದೇ ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಫ್ಲಾಪಿ ಎಂಬ ತೆಳುವಾದ ಬಿಲ್ಲೆಗಳನ್ನು ತೂರಿಸುವ ಎರಡು ಬಾಯಿಗಳಿಗೆ ಎ, ಬಿ ಎಂಬ ಹೆಸರಿದ್ದವು. 1983ರ ಮಾರ್ಚಿಯಲ್ಲಿ ಬಂದ ಎಕ್ಸ್‌ಟಿ ಮಾದರಿಯಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕು ಇತ್ತು. ಎ, ಬಿಗಳ ಅನಂತರ ಬಂದುದರಿಂದ ಅದು ಸಿ ಎನಿಸಿತು. ಫ್ಲಾಪಿಗಳು ಕಣ್ಮರೆಯಾಗಿ ಎಷ್ಟೋ ಕಾಲವಾದರೂ, ಹಿರಿಯರಿಬ್ಬರು ತೀರಿಕೊಂಡ ಮನೆಯಲ್ಲಿ ಮೂರನೆಯವನನ್ನು ಮೂರನೆಯವನೆಂದೇ ಕರೆಯುವಂತೆ, ಆ ಹೆಸರು ಹಾಗೆಯೇ ಉಳಿದುಕೊಂಡಿದೆ.

ಆ ಯಂತ್ರದೊಡನೆ ಬಂದ ಡಾಸ್ 2.0 ವ್ಯವಸ್ಥೆಯಲ್ಲಿ ಒಂದು ಡಿಸ್ಕನ್ನು ನಾಲ್ಕರವರೆಗೆ ಪಾಲು ಮಾಡುವ ಏರ್ಪಾಡು ಇತ್ತು. ಒಂದೇ ಡಿಸ್ಕಿನಲ್ಲಿ ಬೇರೆಬೇರೆ ಕಾರ್ಯಾಚರಣ ವ್ಯವಸ್ಥೆಗಳು ಜಗಳವಿಲ್ಲದೆ ಬಾಳಲಿ ಎಂಬುದೇ ಅದರ ಉದ್ದೇಶ. ಡಿಸ್ಕಿನ ಮೊದಲ 512 ಬೈಟುಗಳ ತುಣುಕಿನಲ್ಲಿ ಒಂದೊಂದು ಪಾಲಿಗೆ 16 ಬೈಟುಗಳಂತೆ 64 ಬೈಟುಗಳ ಒಂದು ಪಟ್ಟಿ. ಯಾವ ಪಾಲು ಎಲ್ಲಿಂದ ಆರಂಭವಾಗುತ್ತದೆ, ಅದರ ಅಳತೆಯೆಷ್ಟು, ಬಗೆ ಯಾವುದು ಎಂಬುದಷ್ಟೇ ಅದರಲ್ಲಿರುವ ವಿವರ. ಅಣ್ಣತಮ್ಮಂದಿರು ಬರೆಸಿಕೊಳ್ಳುವ ಪಾಲುಪಟ್ಟಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಈ ಹಳೆಯ ಪಟ್ಟಿಗೆ 2 ಟೆರಾಬೈಟಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿಯಾಗಿ ಅಳೆಯುವ ಶಕ್ತಿಯಿರಲಿಲ್ಲ. ಈಚಿನ ಯಂತ್ರಗಳಲ್ಲಿ ಬಳಕೆಯಾಗುವ ಜಿಪಿಟಿ ಎಂಬ ಪಟ್ಟಿಯಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಅವಕಾಶವಿದೆ. ಅದರ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿಯೂ ಬರೆದಿಟ್ಟಿರುತ್ತದೆ. ಪತ್ರದ ಒಂದು ಪ್ರತಿ ಹರಿದರೂ ವ್ಯಾಜ್ಯಕ್ಕೆ ಎಡೆಯಿಲ್ಲ.

ಇನ್ನು ಆ ನಾಮಕರಣದ ಚಿತ್ರಗಳ ಸಂಗತಿ. ಅವು ಹೋದುದು ಹೇಗೆ? ಯಜಮಾನನು ಅವನ್ನು ಇಟ್ಟಿದ್ದುದು ಡೆಸ್ಕ್‌ಟಾಪಿನ ಮೇಲೆ, ಎಂದರೆ ಯಂತ್ರವು ಎಚ್ಚೆತ್ತೊಡನೆ ಕಣ್ಣೆದುರಿಗೆ ಕಾಣುವ ಪರದೆಯ ಮೇಲೆ. ಕಣ್ಣೆದುರಿಗೇ ಇರುವುದರಿಂದ ಅದು ಸಿ ಆಗಲಿ ಡಿ ಆಗಲಿ ಅಲ್ಲ, ಬೇರೆಯೇ ಒಂದು ಜಾಗ ಎಂಬ ಭ್ರಮೆಯು ಅನೇಕರಿಗಿದೆ. ವಾಸ್ತವವಾಗಿ ವಿಂಡೋಸ್‌ನಲ್ಲಿ ಡೆಸ್ಕ್‌ಟಾಪು, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಈ ನಾಲ್ಕೂ, ಬಳಸುವವರು ತಾವಾಗಿ ಬೇರೆಡೆಗೆ ಸಾಗಿಸದ ಹೊರತು, ಸಿ ವಿಭಾಗದೊಳಗೇ ಇರುತ್ತವೆ. ಮನೆಯವರ ಜೀವನವೆಲ್ಲ ಸಿಯಲ್ಲಿ. ಡಿಯಲ್ಲಿರುವುದು ಎಂದೋ ತುಂಬಿಸಿಟ್ಟ ಚಲನಚಿತ್ರಗಳು. ಅಂಗಡಿಯವನು ಕಾಪಾಡಿದ್ದು ಆ ಚಲನಚಿತ್ರಗಳನ್ನು.

ಹಾಗಾದರೆ ಪಾಲು ಮಾಡುವುದೇ ತಪ್ಪೆ? ಡಿಸ್ಕಿಗೆ ಗೋಡೆಯೇ ಬೇಡ, ಒಂದೇ ವಿಭಾಗ ಸಾಕು ಎಂದು ವಾದಿಸುವವರು ಇದ್ದಾರೆ. ಅವರ ವಾದದಲ್ಲಿ ಹುರುಳಿದೆ. ಅಂಗಡಿಗಳಲ್ಲಿ ಜೋಡಿಸಿಕೊಡುತ್ತಿದ್ದ ಯಂತ್ರಗಳಲ್ಲಿ ಸಿ, ಡಿ, ಇ, ಎಫ್ ಎಂದು ಡಿಸ್ಕನ್ನು ತುಂಡುತುಂಡಾಗಿ ಹಂಚುವ ರೂಢಿಯಿತ್ತು. ಕೆಲವೇ ವರ್ಷಗಳಲ್ಲಿ ಸಿ ಉಸಿರುಕಟ್ಟುವಷ್ಟು ತುಂಬಿ, ಎಫ್ ಬೀಡುಬಿಟ್ಟ ಮನೆಯಂತೆ ಬರಿದಾಗಿರುತ್ತಿತ್ತು. ಎದ್ದುನಿಂತ ಗೋಡೆಯನ್ನು ಅತ್ತಿತ್ತ ಸರಿಸುವುದು ಸಾಧ್ಯವಾದರೂ ಅದು ಧೈರ್ಯದ ಕೆಲಸ. ನಡುವೆ ವಿದ್ಯುತ್ತು ಹೋದರೆ ಎರಡು ಕಡೆಯ ಸರಕಿಗೂ ಅಪಾಯ. ಇದೆಲ್ಲವನ್ನೂ ಒಪ್ಪಿದ ಮೇಲೂ ಒಂದು ಗೋಡೆಯ ಪ್ರಯೋಜನವನ್ನು ಅಲ್ಲಗಳೆಯಲಾಗದು. ಪಾರುಪತ್ಯಗಾರನಿಗೊಂದು ಕೋಣೆ, ಮನೆಯವರ ಕಡತಗಳಿಗೊಂದು ಕೋಣೆ ಎಂದು ಬೇರ್ಪಡಿಸಿಟ್ಟರೆ, ಆತನನ್ನು ಬದಲಾಯಿಸಿದಾಗಲೆಲ್ಲ ಕಣಜವನ್ನು ಬರಿದುಮಾಡುವ ಕಷ್ಟವಿರುವುದಿಲ್ಲ. ಲಿನಕ್ಸ್ ಬಳಸುವವರಲ್ಲಿ ಹಲವರು ಹೋಮ್ ಎಂಬ ತಮ್ಮ ಕಡತಗಳ ಭಾಗವನ್ನು ಬೇರೆ ವಿಭಾಗದಲ್ಲಿ ಇಡುವುದು ಇದಕ್ಕಾಗಿಯೇ. ವಿಂಡೋಸ್‌ನಲ್ಲಿಯೂ ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ಗಳನ್ನು ಡಿ ವಿಭಾಗಕ್ಕೆ ಸಾಗಿಸಲು ಅನುಕೂಲವಿದೆ. ಅದಕ್ಕೆ ಕೆಲವು ನಿಮಿಷಗಳು ಸಾಕು. ಎರಡು ಕೋಣೆ ಹಿತ, ಐದು ಕೋಣೆ ಹಿಂಸೆ.

ಆದರೆ ಆ ಗೋಡೆಯನ್ನು ಕೋಟೆಯೆಂದು ಭಾವಿಸತಕ್ಕದ್ದಲ್ಲ. ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡರೂ ಸೂರು ಒಂದೇ. ಸೂರಿಗೆ ಬೆಂಕಿ ಬಿದ್ದರೆ ಇಬ್ಬರ ಪಾಲೂ ಹೋಗುತ್ತದೆ. ಡಿಸ್ಕು ಕೆಟ್ಟುಹೋದರೆ ಸಿ ಎಂದಾಗಲಿ ಡಿ ಎಂದಾಗಲಿ ಭೇದವಿಲ್ಲ. ಆದುದರಿಂದ ಅಮೂಲ್ಯವಾದುದರ ಇನ್ನೊಂದು ಪ್ರತಿಯು ಬೇರೆಯೇ ಒಂದು ಡಿಸ್ಕಿನಲ್ಲಿ, ಯಂತ್ರದಿಂದ ಕಳಚಿಟ್ಟ ಸ್ಥಿತಿಯಲ್ಲಿ, ಇರಬೇಕು. "ಡಿಯಲ್ಲಿ ಹಾಕಿದ್ದೇನೆ, ಭಯವಿಲ್ಲ" ಎಂಬ ಮಾತಿನಿಂದ ಆಗಿರುವ ನಷ್ಟವು, ಡಿ ವಿಭಾಗವೇ ಇಲ್ಲದುದರಿಂದ ಆದ ನಷ್ಟಕ್ಕಿಂತ ಕಡಿಮೆಯದಾಗಿರಲಾರದು.

ಸ್ಥಾಪನೆಯ ಕ್ರಮವೇನೂ ಕಷ್ಟದ್ದಲ್ಲ. 1995ರಲ್ಲಿ ಬಂದ ವಿಂಡೋಸ್ 95ನ್ನು 13 ಫ್ಲಾಪಿಗಳನ್ನು ಒಂದಾದ ಮೇಲೊಂದರಂತೆ ತೂರಿಸಿ ಸ್ಥಾಪಿಸಿದವರುಂಟು. ಈಗ 8 ಗಿಗಾಬೈಟಿನ ಒಂದು ಪೆನ್ ಡ್ರೈವ್ ಸಾಕು. ಅದನ್ನು ಸಿದ್ಧಪಡಿಸುವಾಗ ಅದರಲ್ಲಿ ಮೊದಲಿದ್ದುದೆಲ್ಲ ಅಳಿದುಹೋಗುತ್ತದೆ. ಕಡತಗಳನ್ನು ಜೋಪಾನವಾಗಿಡಲೆಂದು ತಂದ ಪೆನ್ ಡ್ರೈವನ್ನೇ ಇದಕ್ಕೆ ಬಳಸಿ ಪೇಚಿಗೆ ಸಿಲುಕಿದವರೂ ಇಲ್ಲದಿಲ್ಲ. ನಿಜವಾದ ಗಂಡಾಂತರವಿರುವುದು ವಿಭಾಗಗಳ ಪಟ್ಟಿ ಪರದೆಯ ಮೇಲೆ ಮೂಡುವ ಒಂದು ನಿಮಿಷದಲ್ಲಿ. ವಿಂಡೋಸ್ ಸ್ಥಾಪನೆಯ ಆ ಪಟ್ಟಿಯಲ್ಲಿ ಸಿ, ಡಿ ಎಂಬ ಪರಿಚಿತ ಅಕ್ಷರಗಳು ಇರುವುದಿಲ್ಲ. ಡ್ರೈವ್ 0, ಪಾರ್ಟಿಷನ್ 1, ಪಾರ್ಟಿಷನ್ 2 ಎಂಬ ಅಂಕೆಗಳಿರುತ್ತವೆ. ಅವುಗಳ ನಡುವೆ ಯಂತ್ರವನ್ನು ಎಬ್ಬಿಸುವ ಒಂದು ಪುಟ್ಟ ಪಾಲು, ತಯಾರಕರು ಅಡಗಿಸಿಟ್ಟ ಪುನಃಸ್ಥಾಪನೆಯ ಪಾಲು ಇವೂ ಸೇರಿಕೊಂಡಿರುತ್ತವೆ. ಗುರುತು ಹಿಡಿಯಲು ಮುಖ್ಯ ಆಧಾರವೆಂದರೆ ಅಳತೆ. ಸಿ ಎಷ್ಟು ಗಿಗಾಬೈಟು, ಡಿ ಎಷ್ಟು ಗಿಗಾಬೈಟು ಎಂಬುದನ್ನು ಮುಂಚೆಯೇ ಕಾಗದದ ಮೇಲೆ ಬರೆದುಕೊಂಡವನು ತಪ್ಪಲಾರ. ಊಹೆಯಿಂದ ಒತ್ತಿದವನು ತಪ್ಪದೆ ಇರುವುದು ಅದೃಷ್ಟ. ಹೊರಗಿನ ಡಿಸ್ಕುಗಳನ್ನು ಆ ಹೊತ್ತಿಗೆ ಕಳಚಿಡುವುದು ಇನ್ನೂ ಲೇಸು.

ಈಚಿನ ಅನೇಕ ಯಂತ್ರಗಳಲ್ಲಿ ಡಿಸ್ಕಿನ ಮೇಲಿರುವುದೆಲ್ಲವೂ ಬಿಟ್‌ಲಾಕರ್ ಮುಂತಾದ ಬೀಗದಿಂದ ಗೂಢಲಿಪಿಯಾಗಿ ಮಾರ್ಪಟ್ಟಿರುತ್ತದೆ. ಒಡೆಯನಿಗೆ ತಿಳಿಯದೆಯೇ ಈ ಬೀಗ ಬಿದ್ದಿರುವುದೂ ಉಂಟು. ಅದರ 48 ಅಂಕೆಗಳ ಕೀಲಿಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ, ಅಳಿಸದೆ ಉಳಿಸಿದ ಡಿ ವಿಭಾಗವೂ ತೆರೆಯದ ಪೆಟ್ಟಿಗೆಯಾಗಬಹುದು.

ತಪ್ಪಿ ಅಳಿಸಿದ ಮೇಲೆ ಏನಾದರೂ ಉಳಿದೀತೆ? ತಿರುಗುವ ತಟ್ಟೆಯ ಡಿಸ್ಕಾಗಿದ್ದರೆ ಆಸೆಯುಂಟು. ಶೀಘ್ರ ಫಾರ್ಮ್ಯಾಟಿನಲ್ಲಿ ಅಳಿಯುವುದು ಕಡತಗಳ ಸೂಚಿ ಮಾತ್ರ. ಗ್ರಂಥಭಂಡಾರದ ಪಟ್ಟಿಯನ್ನು ಸುಟ್ಟರೂ ಪುಸ್ತಕಗಳು ಕಪಾಟಿನಲ್ಲಿಯೇ ಇರುವಂತೆ, ಹೊಸದೇನನ್ನಾದರೂ ಮೇಲೆ ಬರೆಯುವವರೆಗೆ ಹಳೆಯದು ಅಲ್ಲಿಯೇ ಇರುತ್ತದೆ. ಯಂತ್ರವನ್ನು ಒಡನೆಯೇ ನಿಲ್ಲಿಸಿ ಬಲ್ಲವರಲ್ಲಿಗೆ ಒಯ್ದರೆ ಬಹುಪಾಲು ಮರಳಿ ಸಿಕ್ಕಬಹುದು. ಎಸ್‌ಎಸ್‌ಡಿಯ ಸ್ವಭಾವವು ಬೇರೆ. ಇಂತಿಂಥ ಜಾಗವು ಇನ್ನು ಬೇಡವೆಂದು ವ್ಯವಸ್ಥೆಯು ತಿಳಿಸಿದ ಕೂಡಲೆ ಅದು ತಾನಾಗಿಯೇ ಆ ಜಾಗವನ್ನು ಶುಚಿಗೊಳಿಸಲು ತೊಡಗುತ್ತದೆ. ವೇಗಕ್ಕೆ ಅನುಕೂಲವಾದ ಈ ಗುಣವು ಮರೆವಿಗೆ ಕ್ಷಮೆಯನ್ನು ಕೊಡುವುದಿಲ್ಲ.

ಕನ್ನಡದಲ್ಲಿ ಬರೆಯುವವರ ಮನೆಗಳಲ್ಲಿ ಇವೆಲ್ಲದರ ಜೊತೆಗೆ ಇನ್ನೊಂದು ತೊಡಕು ಇದೆ. ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಅವರ 'ಬರಹ' ಈ ತಂತ್ರಾಂಶಗಳ ಮೂಲಕ ಬೆರಳಚ್ಚಾದ ಕನ್ನಡವು ಅಪಾರ. ಹಿಂದಿನ ಪದ್ಧತಿಯಲ್ಲಿ ಕಡತದೊಳಗೆ ಸೇರುತ್ತಿದ್ದುದು ಕನ್ನಡ ಅಕ್ಷರಗಳ ಸಂಖ್ಯೆಯಲ್ಲ. ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಖ್ಯೆ. ಅವಕ್ಕೆ ಕನ್ನಡದ ವೇಷ ತೊಡಿಸುತ್ತಿದ್ದುದು ಫಾಂಟು. ಆ ಫಾಂಟು ಇರುವುದು ಸಿ ವಿಭಾಗದಲ್ಲಿ. ನಿವೃತ್ತ ಮೇಷ್ಟ್ರೊಬ್ಬರು ವರ್ಷಗಟ್ಟಲೆ ಬರೆದಿಟ್ಟ ಊರಿನ ಚರಿತ್ರೆಯು ಡಿಯಲ್ಲಿ ಸುರಕ್ಷಿತವಾಗಿದ್ದರೂ, ಹೊಸ ವ್ಯವಸ್ಥೆಯಲ್ಲಿ ತೆರೆದಾಗ ಅಡ್ಡಗೆರೆ, ಬಾಲ, ಚುಕ್ಕೆಗಳನ್ನು ಹೊತ್ತ ವಿಚಿತ್ರ ರೋಮನ್ ಅಕ್ಷರಗಳ ಸಂತೆಯಾಗಿ ಕಾಣುತ್ತದೆ. ಕೆಟ್ಟುಹೋಯಿತೆಂದು ಅಂತಹ ಕಡತವನ್ನು ಮೊಮ್ಮಕ್ಕಳು ಅಳಿಸಿಬಿಟ್ಟರೆ ಅಚ್ಚರಿಯೇನು? ವಾಸ್ತವವಾಗಿ ಒಂದಕ್ಷರವೂ ಕೆಟ್ಟಿರುವುದಿಲ್ಲ. ಅದೇ ಫಾಂಟನ್ನು ಮತ್ತೆ ಸ್ಥಾಪಿಸಿದರೆ ಪುಟವು ಕನ್ನಡವಾಗಿ ತಿರುಗುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ಬರೆದ ಕಡತಗಳಿಗೆ ಈ ಬಾಧೆಯಿಲ್ಲ. ಅದರಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಅದರದೇ ಆದ ಸಂಖ್ಯೆಯಿದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಕಾಲದಿಂದಲೂ ಅದನ್ನು ತೋರಿಸುವ ಕನ್ನಡ ಫಾಂಟು ವ್ಯವಸ್ಥೆಯೊಡನೆಯೇ ಬರುತ್ತಿದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳೂ ದೊರೆಯುತ್ತವೆ. ಆ ಪರಿವರ್ತನೆಯನ್ನು ಹಳೆಯ ವ್ಯವಸ್ಥೆಯು ಇನ್ನೂ ಬದುಕಿರುವಾಗಲೇ ಮಾಡುವುದು ಮೇಲು. ಏಕೆಂದರೆ ಮೂಲ ಬರಹವನ್ನೂ ಪರಿವರ್ತಿತ ಬರಹವನ್ನೂ ಅಕ್ಕಪಕ್ಕದಲ್ಲಿಟ್ಟು, ಜಾರಿದ ಒತ್ತಕ್ಷರಗಳನ್ನು ತಿದ್ದಲು ಆಗ ಮಾತ್ರ ಸುಲಭವಾಗುತ್ತದೆ.