ಕೆಲಸವಿಲ್ಲದೆ ಅಕ್ಕನ ಮನೆಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆಗಳಲ್ಲಿ ನಾಗರಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಹಾಕಬೇಕು. ಈ ಪದ್ಧತಿಯನ್ನು ಹೊಗಳಿ ಬರೆದವರು ಬಹಳ. ನಾನೂ ಅದನ್ನು ಮೆಚ್ಚುವವನೇ. ಆದರೆ ಇದರಲ್ಲಿ ಒಂದು ಕೊರತೆಯಿದೆ. ಅಕ್ಕತಂಗಿಯರು ನಮ್ಮ ಮನೆಗೆ ಬರುವುದಕ್ಕೆ ಹಬ್ಬವಿದೆ. ನಾವು ಅವರ ಮನೆಗೆ ಹೋಗಿ ಉಳಿಯುವುದಕ್ಕೆ ಯಾವ ಹಬ್ಬವೂ ಇಲ್ಲ.

ಹಾಗಾದರೆ ಅಣ್ಣತಮ್ಮಂದಿರು ಹೋಗುವುದು ಯಾವಾಗ? ನಾನು ಕಂಡಂತೆ ಮೂರು ಸಂದರ್ಭಗಳಲ್ಲಿ. ಲಗ್ನಪತ್ರಿಕೆ ಕೊಡಲು, ಆಸ್ಪತ್ರೆಯಲ್ಲಿರುವವರನ್ನು ನೋಡಲು, ಆಸ್ತಿಯ ಕಾಗದಕ್ಕೆ ಸಹಿ ಮಾಡಿಸಿಕೊಳ್ಳಲು. ಮೂರರಲ್ಲಿಯೂ ಒಂದು ಊಟ ಮಾಡಿ ಸಂಜೆಯ ಬಸ್ಸಿಗೆ ಮರಳುವುದೇ ರೂಢಿ. ನಡುವಯಸ್ಸು ದಾಟಿದವರು ಈ ರೂಢಿಯನ್ನು ಬಿಡಬೇಕೆಂಬುದು, ವರ್ಷಕ್ಕೊಮ್ಮೆಯಾದರೂ ಯಾವ ಕೆಲಸವೂ ಇಲ್ಲದೆ ಹೋಗಿ ಎರಡು ರಾತ್ರಿ ಉಳಿದು ಬರಬೇಕೆಂಬುದು ನನ್ನ ಅಭಿಪ್ರಾಯ.

ನನ್ನ ಅಕ್ಕನನ್ನು ಕೊಟ್ಟದ್ದು ಸೊಲ್ಲಾಪುರಕ್ಕೆ. ಹತ್ತಿಯ ಪೇಟೆಯಾದ ನಮ್ಮ ಬೈಲಹೊಂಗಲದವರಿಗೆ, 1877ರಷ್ಟು ಹಿಂದೆಯೇ ನೂಲಿನ ಗಿರಣಿ ಕಂಡ ಸೊಲ್ಲಾಪುರ ಪರಕೀಯ ಊರಾಗಿರಲಿಲ್ಲ. ಎರಡೂ ಮುಂಬಯಿ ಪ್ರಾಂತ್ಯದಲ್ಲಿಯೇ ಇದ್ದವು. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು, ಸೊಲ್ಲಾಪುರ ಆಚೆಯೇ ಉಳಿಯಿತು. ಗಡಿ ಬಂದ ಮೇಲೂ ಬೀಗತನಗಳು ನಿಲ್ಲಲಿಲ್ಲ. ಅಕ್ಕನ ಮನೆಯಲ್ಲಿ ಇಂದಿಗೂ ಅಡುಗೆಮನೆಯ ಮಾತು ಕನ್ನಡ, ಬಾಗಿಲಾಚೆಯ ಮಾತು ಮರಾಠಿ. ಮೊಮ್ಮಕ್ಕಳು ಕನ್ನಡವನ್ನು ಆಡಬಲ್ಲರು, ಓದಲಾರರು.

ಕಳೆದ ಬೇಸಿಗೆಯಲ್ಲಿ ಒಂದು ಶನಿವಾರ ಅಲ್ಲಿಗೆ ಹೋಗಿದ್ದೆ. ಮಲೆನಾಡಿನ ಸೆರಗು ತಾಗುವ ಕಿತ್ತೂರಿನ ತಂಪಿಗೂ ರಾಮದುರ್ಗದ ಬಿಸಿಲಿಗೂ ಎಷ್ಟು ಅಂತರವಿದೆಯೋ, ರಾಮದುರ್ಗದಿಂದ ಸೊಲ್ಲಾಪುರಕ್ಕೆ ಮತ್ತೆ ಅಷ್ಟೇ ಅಂತರ. ಬಾಗಲಕೋಟೆ ದಾಟಿದ ಮೇಲೆ ಘಟಪ್ರಭೆ, ಕೊಲ್ಹಾರದಲ್ಲಿ ಕೃಷ್ಣೆ, ವಿಜಯಪುರದಾಚೆ ಧೂಳಖೇಡದ ಬಳಿ ಭೀಮೆ. ಒಂದೊಂದು ಹೊಳೆ ದಾಟಿದಂತೆ ಗಾಳಿ ಒಂದೊಂದು ಹದ ಬಿಸಿಯಾಗುತ್ತದೆ.

ಬಾಗಿಲಲ್ಲಿ ನನ್ನನ್ನು ಕಂಡು ಅಕ್ಕ ಕೇಳಿದ ಮೊದಲ ಮಾತು: "ಯಾಕ ಬಂದೀಯೋ ತಮ್ಮಾ, ಎಲ್ಲಾರೂ ಆರಾಮ ಅದಾರಿಲ್ಲೋ?" ನಿನ್ನನ್ನು ನೋಡಲಿಕ್ಕೆಂದೇ ಬಂದೆನೆಂದರೂ ಆಕೆಗೆ ನಂಬಿಕೆ ಬರಲಿಲ್ಲ. ಸಂಜೆಯವರೆಗೂ ನನ್ನ ಕೈಚೀಲದ ಕಡೆಗೆ ನೋಡುತ್ತಲೇ ಇದ್ದಳು, ಅದರಲ್ಲಿ ಯಾವುದೋ ಪತ್ರಿಕೆಯೋ ಕಾಗದವೋ ಇರಬೇಕೆಂಬಂತೆ. ಆಕೆಯದು ತಪ್ಪಲ್ಲ. ತವರಿನವರು ಕಾರಣವಿಲ್ಲದೆ ಬರುವುದಿಲ್ಲವೆಂಬುದು ನಮ್ಮ ಹೆಣ್ಣುಮಕ್ಕಳ ಅರ್ಧ ಶತಮಾನದ ಅನುಭವ.

ಎರಡು ರಾತ್ರಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಮೊದಲ ದಿನ ಅಕ್ಕ ನಿಂತು ಬಡಿಸಿದಳು. ಊರಿನವರ ಕ್ಷೇಮಸಮಾಚಾರ ಕೇಳಿದಳು, ತನ್ನದೆಲ್ಲವೂ ಚೆನ್ನಾಗಿದೆಯೆಂದಳು. ಎರಡನೆಯ ದಿನ ಕಟಕ ರೊಟ್ಟಿ, ಶೇಂಗಾ ಚಟ್ನಿಯ ತಾಟು ಹಿಡಿದು ನನ್ನ ಪಕ್ಕದಲ್ಲಿಯೇ ಕುಳಿತಳು. ಮೊಣಕಾಲು ನೋವಿನಿಂದಾಗಿ ಮೇಲಿನ ಮಾಳಿಗೆಗೆ ಹತ್ತಿ ವರ್ಷವಾಯಿತೆಂಬುದು, ರಾತ್ರಿ ಸೆಕೆಗೆ ನಿದ್ದೆ ಬರುವುದಿಲ್ಲವೆಂಬುದು, ಇನ್ನು ಪಂಚಮಿಗೆ ಬರಲಾಗದೆಂಬುದು ಆಗ ತಿಳಿಯಿತು. ಪ್ರತಿ ವಾರ ಫೋನಿನಲ್ಲಿ ಮಾತನಾಡುತ್ತಿದ್ದರೂ ಇವುಗಳಲ್ಲಿ ಒಂದೂ ಬಂದಿರಲಿಲ್ಲ. ಮೊಮ್ಮಗ ತನ್ನ ಗೆಳೆಯನಿಗೆ, ಅಜ್ಜಿಯ ತಮ್ಮ ಬಂದಿದ್ದಾರೆ, ಸುಮ್ಮನೆ ಬಂದಿದ್ದಾರೆ ಎಂದು ಮರಾಠಿಯಲ್ಲಿ ಹೇಳುತ್ತಿದ್ದ. ಆ 'ಸುಮ್ಮನೆ' ಎಂಬ ಮಾತಿನಿಂದ ಅಕ್ಕನಿಗೆ ಆ ಮನೆಯಲ್ಲಿ ದೊರೆತ ಮರ್ಯಾದೆ ಯಾವ ಸೀರೆ ಕುಪ್ಪಸದಿಂದಲೂ ದೊರೆಯುವಂಥದಲ್ಲ.

ಇನ್ನು ಸಹಿಯ ವಿಷಯ. ಇದನ್ನು ಮುಚ್ಚಿಟ್ಟು ಅಕ್ಕತಂಗಿಯರ ಬಗೆಗೆ ಬರೆಯುವುದು ಪ್ರಾಮಾಣಿಕವೆನಿಸದು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕವು 1994ರಲ್ಲಿಯೇ ಸಮಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದು ಆ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ತೀರ್ಪು ನೀಡಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಆದ ವಾಟ್ನಿಗಳನ್ನು ಮಾತ್ರ ಕಾನೂನು ಮುಟ್ಟುವುದಿಲ್ಲ. ಆದ್ದರಿಂದಲೇ ಈಗ ಉತಾರದಲ್ಲಿ ಹೆಸರು ಬದಲಿಸುವ ಹೊತ್ತಿಗೆ ಅಕ್ಕತಂಗಿಯರ ನೆನಪು ಬಲವಾಗಿ ಬರುತ್ತದೆ. ಸೀರೆಯೊಂದನ್ನು ಹಿಡಿದು ಹೋಗಿ, ಊಟ ಮಾಡಿ, ಹಕ್ಕು ಬಿಟ್ಟ ಪತ್ರಕ್ಕೆ ನೋಂದಣಿ ಕಚೇರಿಗೆ ಕರೆದೊಯ್ದು, ಮತ್ತೆ ಆ ಓಣಿಯ ಕಡೆ ತಲೆ ಹಾಕದವರನ್ನು ನಾನು ಬಲ್ಲೆ. ಪಾಲು ಕೊಡುವುದೋ, ಅವರೇ ಮನಸಾರೆ ಬಿಡುವುದೋ, ಅದನ್ನು ಹಿರಿಯರೆದುರು ಬಿಚ್ಚಿ ಮಾತನಾಡಿ ತೀರ್ಮಾನಿಸಿರಿ. ಅದಕ್ಕೆ ಬೇರೆ ದಿನವಿರಲಿ. ನೋಡಲು ಹೋಗುವ ದಿನ ಚೀಲದಲ್ಲಿ ಕಾಗದ ಇರಕೂಡದು.

ಬಿಸಿಲಿನ ಊರು, ವಯಸ್ಸಾಯಿತು, ಹೇಗೆ ಹೋಗುವುದು ಎನ್ನುವವರಿದ್ದಾರೆ. ಆ ಬಿಸಿಲಿನಲ್ಲಿಯೇ ಅವರು ಐವತ್ತು ವರ್ಷ ಬಾಳಿದ್ದಾರೆ, ಅಲ್ಲಿಂದಲೇ ಪ್ರತಿ ಪಂಚಮಿಗೆ ಬಂದಿದ್ದಾರೆ. ಆದರೂ ತಡೆಯಲಾಗದಿದ್ದರೆ ಸಂಕ್ರಾಂತಿಗೆ ಹೋಗಿರಿ. ಸೊಲ್ಲಾಪುರದಲ್ಲಿ ಆಗ ಸಿದ್ಧರಾಮೇಶ್ವರನ ಜಾತ್ರೆ, ಹೊಲಗಳಲ್ಲಿ ಜೋಳದ ಸೀತನಿಯ ಕಾಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದೊಳಗಿನ ಹೆಣ್ಣುಮಕ್ಕಳು ಕೈಯಲ್ಲಿ ದುಡ್ಡಿಲ್ಲದಿದ್ದರೂ ಸರಕಾರಿ ಬಸ್ಸು ಹತ್ತಿ ತವರಿಗೆ ಬಂದರು. ಸಂತೋಷದ ಸಂಗತಿ. ಗಡಿಯಾಚೆ ಕೊಟ್ಟ ಅಕ್ಕಂದಿರಿಗೂ, ಮೆಟ್ಟಿಲು ಹತ್ತಲಾರದ ಅಕ್ಕಂದಿರಿಗೂ ಆ ಅನುಕೂಲ ಮುಟ್ಟುವುದಿಲ್ಲ. ಅವರ ಪಾಲಿಗೆ ಈಗ ತವರೇ ಬಸ್ಸು ಹತ್ತಬೇಕು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಬೆಂಗಳೂರು, ಪುಣೆಗಳಲ್ಲಿದ್ದೀರಿ. ಶನಿವಾರ, ಭಾನುವಾರ ರಜೆಯಿದ್ದರೆ ರೆಸಾರ್ಟು ಹುಡುಕುತ್ತೀರಿ. ಹೋಗಿರಿ, ಬೇಡವೆನ್ನಲಾರೆ. ವರ್ಷದ ಐವತ್ತೆರಡು ವಾರಗಳಲ್ಲಿ ಒಂದನ್ನು ಮಾತ್ರ ಅಕ್ಕತಂಗಿಯರಿಗೆಂದು ತೆಗೆದಿಡಿರಿ. ಮುಂಚಿತವಾಗಿ ಫೋನು ಮಾಡಿ, ಏನೂ ಕೆಲಸವಿಲ್ಲ, ಸುಮ್ಮನೆ ಬರುತ್ತಿದ್ದೇನೆ ಎಂದು ತಿಳಿಸಿರಿ. ಮೊದಲ ಸಲ ಅವರು ನಂಬಲಿಕ್ಕಿಲ್ಲ. ಎರಡನೆಯ ವರ್ಷ ನಂಬುತ್ತಾರೆ.